ಲಕ್ಷ್ಮಯ್ಯನ ದ್ರಾಕ್ಷಿ ತೋಟ

ನಾನು ಓದಿಸಿದ ಮಕ್ಕಳನ್ನು ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಿಸಿದರೆ, ಚಾಮರಾಜಪೇಟೆಯ ನಮ್ಮ ವಠಾರದ ಬಾಗಿಲಿನಿಂದ ಹೊರಟ ಸಾಲು ಮದ್ದೂರಿನಲ್ಲಿ ವಡೆ ತಿಂದು, ಮೈಸೂರು ಮುಟ್ಟಿ, ಅರಮನೆಗೆ ಒಂದು ಸುತ್ತು ಹಾಕಿ, ತಿರುಗಿ ನಮ್ಮ ಬಾಗಿಲಿಗೇ ಬಂದು ನಿಲ್ಲುತ್ತದೆ. ಆ ಸಾಲಿನಲ್ಲಿ ಜಿಲ್ಲಾಧಿಕಾರಿಗಳಿದ್ದಾರೆ, ಸರ್ಜನ್ನರಿದ್ದಾರೆ, ರಾಕೆಟ್ಟು ಹಾರಿಸುವವರಂತೂ ಜಾಗ ಸಾಲದೆ ತಳ್ಳಾಡುತ್ತಿದ್ದಾರೆ. ನಂಬದಿದ್ದರೆ ಬಿಡಿ. ನನ್ನ ಹೆಂಡತಿ ನಾರಾಯಣಮ್ಮ ಮದುವೆಯಾದಾಗಿನಿಂದ ನನ್ನ ಒಂದು ಮಾತನ್ನೂ ನಂಬದೆ ಆರೋಗ್ಯವಾಗಿದ್ದಾಳೆ.

ನನ್ನ ಹೆಸರು ಶ್ರೀನಿವಾಸಯ್ಯ. ದೊಡ್ಡ ಸರ್ಕಾರಿ ಕಚೇರಿಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ನಾನು ತಲೆಯಾಡಿಸದೆ ಸಾಹೇಬರ ಕೋಣೆಯೊಳಗೆ ಒಂದು ನೊಣವೂ ಹೋಗುತ್ತಿರಲಿಲ್ಲ. ಈಗ ವಾಸ ಅರಮನೆಯಲ್ಲಿ. ಅರಮನೆಗೆ ಒಂದು ದರ್ಬಾರು ಹಾಲು, ಒಂದು ಶಯನಾಗಾರ, ಒಂದು ಪಾಕಶಾಲೆ. ದರ್ಬಾರು ಹಾಲಿನಲ್ಲಿ ಮೂವರು ಚಾಪೆ ಹಾಸಿದರೆ ನಾಲ್ಕನೆಯವರು ಬಾಗಿಲು ತೆಗೆಯುವಂತಿಲ್ಲ, ಅಂಥ ವೈಭವ. ಶಯನಾಗಾರ ಮಗ ನಂದೀಶ್ ಮತ್ತು ಸೊಸೆ ಹೇಮಶ್ರೀಯದು. ನಂದೀಶ್ ಲೈನ್‌ಮನ್, ಅವನು ಒಂದು ದಿನ ಕಂಬ ಹತ್ತದಿದ್ದರೆ ಬೆಂಗಳೂರಿಗೆ ಬೆಂಗಳೂರೇ ಕತ್ತಲು. ಹೇಮಶ್ರೀ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುತ್ತಾಳೆ. ಅವಳ ಮುಖ ನೋಡಿದ ರೋಗಿಗಳು ಬಿಲ್ಲು ನೋಡುವ ಮುಂಚೆಯೇ ಗುಣವಾಗಿ ಮನೆಗೆ ಓಡುತ್ತಾರೆ.

ದರ್ಬಾರು ಹಾಲಿನ ಮೂರನೆಯ ಚಾಪೆ ಶಿವರಂಜಿನಿಯದು. ನಾವು ಕರೆಯುವುದು ರಂಜಿ ಅಂತ. ನಾರಾಯಣಮ್ಮನ ಅಣ್ಣನ ಮಗ ಲಕ್ಷ್ಮಯ್ಯನ ಮಗಳು. ಊರು ಚಿಕ್ಕಬಳ್ಳಾಪುರದ ಆಚೆ, ಬಸ್ಸಿಳಿದ ಮೇಲೂ ಬೇಸರ ಬರುವಷ್ಟು ನಡೆಯಬೇಕಾದ ಹಳ್ಳಿ. ಅಲ್ಲಿ ಏಳನೇ ಕ್ಲಾಸಿಗೆ ಶಾಲೆ ಮುಗಿಯುತ್ತದೆ. ಆಮೇಲೆ ಹೆಣ್ಣುಮಕ್ಕಳಿಗೆ ದ್ರಾಕ್ಷಿ ತೋಟದ ಕೂಲಿ, ಅದರ ಹಿಂದೆಯೇ ಗಂಡ. ರಂಜಿ ಮಾತ್ರ ಪರೀಕ್ಷೆ ಬರೆದು, ಹಳ್ಳಿಯ ಬಡ ಮಕ್ಕಳನ್ನು ಓದಿಸುವ ಒಂದು ಟ್ರಸ್ಟಿನ ಸ್ಕಾಲರ್‌ಶಿಪ್ ಗೆದ್ದಳು. ಬಸವನಗುಡಿಯ ದೊಡ್ಡ ಇಂಗ್ಲಿಷ್ ಶಾಲೆ. ಫೀಸು, ಪುಸ್ತಕ, ಯೂನಿಫಾರಂ, ಶೂಸು ಎಲ್ಲ ಟ್ರಸ್ಟಿನದು. ಅನ್ನ, ಚಾಪೆ ನಮ್ಮದು. ಹಾಗೆ ಕಳೆದ ಜೂನಿನಲ್ಲಿ ಎಂಟನೇ ಕ್ಲಾಸಿಗೆಂದು ಬಂದಳು. ಈ ಸ್ಕಾಲರ್‌ಶಿಪ್ಪನ್ನು ಹುಡುಕಿ ತಂದವನು ನಾನೇ ಎಂಬುದು ವಠಾರಕ್ಕೆಲ್ಲ ಗೊತ್ತು. ವಠಾರಕ್ಕೆಲ್ಲ ಹೇಳಿದವನೂ ನಾನೇ.

ಬೆಳಗ್ಗೆ ನಮ್ಮ ಮನೆಯಲ್ಲಿ ನಡೆಯುವ ಯುದ್ಧ ಕುರುಕ್ಷೇತ್ರದಲ್ಲೂ ನಡೆದಿಲ್ಲ.

"ಮಾವ, ಪೇಪರ್ ತಗೊಂಡು ಬಾತ್‌ರೂಮಿಗೆ ಹೋಗ್ಬೇಡಿ ಅಂತ ಎಷ್ಟ್ ಸಲ ಹೇಳ್ಲಿ? ಹುಡುಗಿಗೆ ಸ್ಕೂಲಿಗೆ ಲೇಟಾಗತ್ತೆ!" ಎಂದು ಹೇಮಶ್ರೀ ಬಾಗಿಲು ಬಡಿಯುತ್ತಾಳೆ.

"ದೇಶದ ಸುದ್ದಿ ತಿಳ್ಕೊಳ್ಳೋದು ಬೇಡ್ವೇನಮ್ಮಾ?"

"ದೇಶ ಕಾಯತ್ತೆ. ಒಂಬತ್ತಕ್ಕೆ ನೀರು ನಿಂತೋಗತ್ತೆ."

ಆಮೇಲೆ ಅವಳ ಬಾಯಿ ರಂಜಿಯ ಕಡೆ ತಿರುಗುತ್ತದೆ. "ಜಡೆ ಹಿಂಗಾ ಹಾಕ್ಕೊಳೋದು? ಬಾ ಇಲ್ಲಿ. ನಿನ್ನೆ ಹೇಳ್ಕೊಟ್ಟಿದ್ದು ಬಂತಾ? ಹೇಳು ನೋಡೋಣ. ಅಯ್ಯೋ, ಜೋರಾಗಿ ಹೇಳೇ, ಇಲಿ ಮರಿ ಥರ ಕುಯ್ ಅಂತೀಯಲ್ಲ." ಒಂದು ಕೈಯಲ್ಲಿ ಜಡೆ, ಒಂದು ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಬಾಯಲ್ಲಿ ಇಂಗ್ಲಿಷ್ ಪಾಠ. ಸಂಜೆ ಕೌಂಟರಿನಿಂದ ಬಂದವಳು ಬ್ಯಾಗು ಇಳಿಸುವ ಮುಂಚೆ ಕೇಳುವುದು, "ಹೋಂವರ್ಕ್ ಎಲ್ಲಿ?"

"ಆ ಮಗೀನ ಹಿಂಗೆ ಬೈದ್ರೆ ಊರಿಗೆ ಓಡೋಗತ್ತೆ ಕಣೇ," ಎನ್ನುತ್ತಿದ್ದಳು ನಾರಾಯಣಮ್ಮ.

"ಓಡೋಗಲ್ಲ ಬಿಡಿ ಅತ್ತೆ. ಓಡೋಗೋಳಾಗಿದ್ರೆ ನಿಮ್ಮ ಸಾರು ತಿಂದ ದಿನಾನೇ ಓಡೋಗ್ತಿದ್ಲು."

ರಂಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಆಗ ನಗುತ್ತಿದ್ದಳು.

ಟ್ರಸ್ಟಿನವರದೊಂದು ಪದ್ಧತಿ. ವರ್ಷ ಮುಗಿಯುವ ಹೊತ್ತಿಗೆ ಮನೆ ನೋಡಲು ಬರುತ್ತಾರೆ. ಹುಡುಗಿ ಹೇಗಿದ್ದಾಳೆ, ಮನೆಯವರು ನಿಜಕ್ಕೂ ಕೈಲಾಗದವರೇ ಎಂದು ಕಣ್ಣಾರೆ ಕಂಡರೆ ಮುಂದಿನ ಕ್ಲಾಸಿಗೂ ಸೀಟು. ಏಪ್ರಿಲಿನ ಒಂದು ರಾತ್ರಿ ಮುದ್ದೆ ಮುರಿಯುತ್ತಾ ಹೇಮಶ್ರೀ ಹೇಳಿದಳು.

"ಶುಕ್ರವಾರ ಬರ್ತಾರಂತೆ. ನಂಗೆ ರಜ ಸಿಗಲ್ಲ, ನಂದೀಶ್‌ಗೂ ಡ್ಯೂಟಿ. ಲಕ್ಷ್ಮಯ್ಯಣ್ಣಂಗೆ ಫೋನ್ ಮಾಡ್ದೆ. ದ್ರಾಕ್ಷಿ ಕೊಯ್ಲಂತೆ, ಈಗ ಬಿಟ್ಟು ಬಂದ್ರೆ ಮೇಸ್ತ್ರಿ ಮತ್ತೆ ಸೇರ್ಸಲ್ವಂತೆ. ಅತ್ತೆ, ನೀವೇ ಮಾತಾಡಿ. ಇರೋದನ್ನ ಇದ್ದಂಗೆ ಹೇಳಿ, ಸಾಕು. ಮಾವ..."

"ಹೂಂ?"

"ನೀವು ಪಾರ್ಕಿಗೆ ಹೋಗ್ಬಿಡಿ."

ನಂದೀಶ್ ನಕ್ಕುಬಿಟ್ಟ. "ಅಪ್ಪ ಪಾರ್ಕಲ್ಲಿದ್ರೂ ಇಲ್ಲೀತನಕ ಕೇಳ್ಸತ್ತೆ ಬಿಡೇ."

ಮೊಮ್ಮಗಳ ಭವಿಷ್ಯದ ಮಾತಾಡಲು ದೊಡ್ಡ ಮನುಷ್ಯರು ಮನೆಗೆ ಬರುತ್ತಾರೆ, ಮನೆಯ ಯಜಮಾನ ಪಾರ್ಕಿನಲ್ಲಿ ಕಡಲೆಕಾಯಿ ಸುಲಿಯುತ್ತಿರಬೇಕಂತೆ! ಶುಕ್ರವಾರ ಬೆಳಗ್ಗೆ ಸೊಸೆ ಬಸ್‌ಸ್ಟಾಪು ದಾಟಿದಳೋ ಇಲ್ಲವೋ, ನಾನು ಓಬಳಪ್ಪನ ಅಂಗಡಿಯಲ್ಲಿದ್ದೆ.

ಓಬಳಪ್ಪ ನಮ್ಮ ರಸ್ತೆಯ ಮೂಲೆಯಲ್ಲಿ ಶಾಮಿಯಾನ ಅಂಗಡಿ ಇಟ್ಟವನು. ನಾಮಕರಣದಿಂದ ತಿಥಿಯವರೆಗೆ ಚಾಮರಾಜಪೇಟೆಯ ಎಲ್ಲರೂ ಅವನ ಕುರ್ಚಿಯ ಮೇಲೆಯೇ ಕೂರಬೇಕು. ಅವನ ಹತ್ತಿರ ಮದುವೆ ರಿಸೆಪ್ಷನ್ನಿಗೆ ಕೊಡುವ ಎರಡು ಸಿಂಹಾಸನಗಳಿವೆ. ಕೆಂಪು ಮಖಮಲ್ಲು, ಕೈಗೆ ಚಿನ್ನದ ಬಣ್ಣದ ಸಿಂಹ, ಬೆನ್ನಿಗೆ ನವಿಲು.

"ಯಾರ್ದು ಗುರು ಮದ್ವೆ?" ಎಂದ ಓಬಳಪ್ಪ.

"ಮದ್ವೆ ಅಲ್ಲಯ್ಯ. ರಂಜಿ ವಿಷ್ಯವಾಗಿ ಟ್ರಸ್ಟಿನೋರು ಬರ್ತಿದಾರೆ."

"ಅದ್ಕೆ ಇದ್ಯಾಕೆ? ಪ್ಲಾಸ್ಟಿಕ್ ಕುರ್ಚಿ ಒಯ್ಯಿ."

"ಎತ್ತಿಸು ಅಂದ್ರೆ ಎತ್ತಿಸು."

ಓಬಳಪ್ಪ ತಾನೇ ಗಾಡಿಯಲ್ಲಿ ತಂದು ಇಳಿಸಿದ. ಸಿಂಹಾಸನಗಳು ಬಾಗಿಲಲ್ಲಿ ಹಿಡಿಸದೆ, ಅಡ್ಡ ಮಾಡಿ, ನವಿಲಿನ ಕತ್ತು ತಗ್ಗಿಸಿ ಒಳಗೆ ತಂದದ್ದಾಯಿತು. ದರ್ಬಾರು ಹಾಲು ಅವತ್ತು ನಿಜಕ್ಕೂ ದರ್ಬಾರು ಹಾಲಾಯಿತು. ಗೋಡೆಯ ಮೇಲೆ ಬಾಬಾಸಾಹೇಬರು, ಬುದ್ಧ. ಕೆಳಗೆ ಎರಡು ಸಿಂಹಾಸನ. ಉಳಿದ ಜಾಗದಲ್ಲಿ ನಾನು ಉಸಿರು ಹಿಡಿದು ನಿಂತೆ.

"ನಿಮಗೆ ಏನಾದ್ರೂ ಹಿಡ್ಕೊಂಡಿದ್ಯಾ?" ಎಂದಳು ನಾರಾಯಣಮ್ಮ. "ಹೇಮ ಏನ್ ಹೇಳಿದ್ಲು?"

"ನಮ್ಮಪ್ಪ ಊರಲ್ಲಿ ಸಾಯೋ ತನಕ ಗೌಡರ ಜಗುಲಿ ಮುಂದೆ ನಿಂತೇ ಮಾತಾಡ್ದೋನು ಕಣೇ. ಒಬ್ರೂ ಕೂತ್ಕೋ ಅನ್ನಲಿಲ್ಲ. ನಮ್ಮನೆಗೆ ಬಂದೋರು ಹೆಂಗೆ ಕೂತ್ಕೋಬೇಕು ಅಂತ ಹೇಳೋನು ನಾನು."

ಅವಳು ಬಾದಾಮಿ ಹಾಲಿಗೆ ಮಿಕ್ಸಿ ಹಾಕಲು ಒಳಗೆ ಹೋದಳು. ಅವಳ ಮಿಕ್ಸಿ ತಿರುಗಿದರೆ ಮೇಲೆ ಹೋಗುವ ವಿಮಾನದ ಪೈಲಟ್ಟು ಕಿವಿ ಮುಚ್ಚಿಕೊಳ್ಳುತ್ತಾನೆ.

ಬಂದವರು ಇಬ್ಬರು. ಕನ್ನಡಕದ ಶೈಲಜಮ್ಮ ಎಂಬ ಹಿರಿಯ ಹೆಂಗಸು, ಟ್ಯಾಬ್ ಹಿಡಿದ ಅಭಿರಾಮ ಎಂಬ ಹುಡುಗ. ಸಿಂಹಾಸನ ನೋಡಿ ಇಬ್ಬರೂ ಬಾಗಿಲಲ್ಲೇ ನಿಂತರು.

"ಬನ್ನಿ, ಬನ್ನಿ. ದಿನಾ ಕೂತ್ಕೊಳ್ಳೋ ಕುರ್ಚಿ, ಸಂಕೋಚ ಪಡ್ಬೇಡಿ."

ಕೂತರು. ಓಬಳಪ್ಪ ಹೋಗದೆ ಬಾಗಿಲಿಗೆ ಒರಗಿ ನಿಂತಿದ್ದ. ಅವನ ಹಿಂದೆ ವಠಾರದ ಅರ್ಧ ಜನ. ಮೂಲೆಯ ತಳ್ಳುಗಾಡಿಯಿಂದ ತಂದ ದ್ರಾಕ್ಷಿಯ ತಟ್ಟೆ ಹಿಡಿದು ರಂಜಿ ನಿಂತಿದ್ದಳು, ಹೆಣ್ಣು ನೋಡಲು ಬಂದವರ ಮುಂದೆ ನಿಂತ ಹಾಗೆ.

"ಹುಡುಗಿಗೆ ಇಲ್ಲಿ ಊಟ, ತಿಂಡಿ ಎಲ್ಲ ಹೇಗೆ? ಕಷ್ಟ ಆಗ್ತಿದ್ಯಾ?" ಶೈಲಜಮ್ಮ ಮಿಕ್ಸಿಯ ಸದ್ದಿನಲ್ಲಿ ಮುಂದೆ ಬಾಗಿ ಕೇಳಿದರು.

"ಕಷ್ಟಾನಾ?" ಆ ಮಾತು ನನ್ನ ಕಿವಿಗೆ ಕಾದ ಸೀಸದಂತೆ ಬಿತ್ತು. "ನಮ್ಮನೇಲಿ ಸಾರಿಗೆ ತುಪ್ಪ ಹಾಕಲ್ಲ ಮೇಡಂ, ತುಪ್ಪಕ್ಕೆ ಸಾರು ಹಾಕ್ತೀವಿ."

"ಓದೋಕೆ ಜಾಗ?"

"ಮಹಡಿ ಮೇಲೆ ಬೇರೆ ರೂಮೇ ಇದೆ." ಮಹಡಿ ಇರುವುದು ನಿಜ. ಅಲ್ಲಿ ಮನೆ ಮಾಲೀಕರು ಇರುವುದೂ ನಿಜ.

"ನೀವು ಈ ಹುಡುಗೀನ ಇಟ್ಕೊಂಡಿರೋದು ದೊಡ್ಡ ವಿಷಯ."

"ಇವಳೊಬ್ಳೇನಾ? ನಾನು ಓದಿಸಿದ ಮಕ್ಕಳ ಸಾಲು ಇಲ್ಲಿಂದ ಮೈಸೂರು ಮುಟ್ಟತ್ತೆ."

ಅಭಿರಾಮ ಟ್ಯಾಬಿನಿಂದ ತಲೆಯೆತ್ತಿದ. "ಸರ್, ತಂದೆ ಕೂಲಿ ಕೆಲಸ ಅಂತ ಇದೆ ಇದ್ರಲ್ಲಿ."

ಬಾಗಿಲಲ್ಲಿ ಓಬಳಪ್ಪ. ಅವನ ಹಿಂದೆ ವಠಾರ. ಎಲ್ಲರ ಮುಂದೆ ಆ ಮಾತು.

"ಕೂಲಿನಾ? ಯಾರ್ ಹೇಳಿದ್ದು? ನಮ್ಮ ಲಕ್ಷ್ಮಯ್ಯಂದು ಹತ್ತೆಕರೆ ದ್ರಾಕ್ಷಿ ತೋಟ! ಬೋರ್‌ವೆಲ್ಲಲ್ಲಿ ನೀರು ಹೆಂಗ್ ಬರತ್ತೆ ಅಂದ್ರೆ, ಮೋಡ ಅಲ್ಲಿಂದಾನೇ ತುಂಬಿಸ್ಕೊಂಡು ಹೋಗೋದು. ತಗೊಳ್ಳಿ, ನಮ್ಮ ತೋಟದ್ದೇ ದ್ರಾಕ್ಷಿ."

ನೋಡಿ, ಪೂರ್ತಿ ಸುಳ್ಳೇನಲ್ಲ. ಬೆಳಗಿನಿಂದ ಸಂಜೆಯವರೆಗೆ ಲಕ್ಷ್ಮಯ್ಯ ಆ ತೋಟದಲ್ಲೇ ಇರುತ್ತಾನೆ. ಅದರ ಯಜಮಾನ ವರ್ಷಕ್ಕೊಮ್ಮೆ ಕಾರಿನಲ್ಲಿ ಬಂದು ಹೋಗುತ್ತಾನೆ.

ಶೈಲಜಮ್ಮ ಒಂದು ದ್ರಾಕ್ಷಿ ತೆಗೆದುಕೊಂಡು, ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದರು. ರಂಜಿಯ ಕಡೆ ತಿರುಗಿದರು.

"ಹೌದಾಮ್ಮಾ? ತೋಟ ನಿಮ್ದಾ?"

ರಂಜಿ ನನ್ನ ಮುಖ ನೋಡಿದಳು. ಬಾಗಿಲ ಕಡೆ ನೋಡಿದಳು. ತಟ್ಟೆ ಸರಿಯಾಗಿ ಹಿಡಿದುಕೊಂಡು, "ಹೌದು ಮೇಡಂ," ಎಂದಳು.

ಅಷ್ಟರಲ್ಲಿ ಮಿಕ್ಸಿ ನಿಂತಿತು. ಬಾದಾಮಿ ಹಾಲು ಬಂತು. ಕುಡಿದು, ಕೈ ಮುಗಿದು, ಹೋದರು. ಅವರು ಹೋದ ಮೇಲೆ ವಠಾರದವರು ನನ್ನನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡುವುದೊಂದು ಬಾಕಿ. ಸೊಸೆ ಬರುವ ಮುಂಚೆ ಸಿಂಹಾಸನಗಳು ಅಂಗಡಿ ಸೇರಿದವು. ಕುರ್ಚಿಯ ವಿಷಯವನ್ನೂ ನಾನು ಪಾರ್ಕಿಗೆ ಹೋಗದ್ದನ್ನೂ ಹೇಮಳಿಗೆ ಹೇಳಬೇಡ ಎಂದು ನಾರಾಯಣಮ್ಮನಿಗೆ ಹೇಳಿದೆ. ಜಗಳ ಯಾಕೆ ಎಂದು ಅವಳೂ ಹೇಳಲಿಲ್ಲ. ತೋಟದ ವಿಷಯ ಅವಳಿಗೇ ಗೊತ್ತಿರಲಿಲ್ಲ.

"ಹೆಂಗಾಯ್ತು?" ಎಂದು ಕೇಳಿದಳು ಹೇಮಶ್ರೀ, ಚಪ್ಪಲಿ ಬಿಡುತ್ತಾ.

"ಒಳ್ಳೇ ಜನ," ಎಂದಳು ನಾರಾಯಣಮ್ಮ. "ಹಾಲು ಕುಡಿದ್ರು."

ಮೇ ತಿಂಗಳ ಮೊದಲ ವಾರ ಫೋನು ಬಂತು. ಅವತ್ತು ಅವರೇಬೇಳೆ ಸಾರು. ಹೇಮಶ್ರೀ ಮೂರು ತಟ್ಟೆಗೆ ಮುದ್ದೆ ಹಾಕಿ, ನಾಲ್ಕನೆಯದಕ್ಕೆ ಹಾಕುವ ಮುಂಚೆ ಕೋಲು ಪಾತ್ರೆಯಲ್ಲೇ ಬಿಟ್ಟು ಕೂತಳು.

"ಟ್ರಸ್ಟಿಂದ ಮಧ್ಯಾಹ್ನ ಫೋನ್ ಮಾಡಿದ್ರು. ಕೊಡಲ್ವಂತೆ."

"ಏನು ಕೊಡಲ್ವಂತೆ?" ಎಂದ ನಂದೀಶ್.

"ಸ್ಕಾಲರ್‌ಶಿಪ್ಪು. ಮನೆಯೋರು ಅನುಕೂಲವಾಗಿದಾರೆ, ನಿಮಗಿಂತ ಕಷ್ಟದಲ್ಲಿರೋ ಮಕ್ಕಳಿದಾರೆ, ಕ್ಷಮಿಸಿ ಅಂದ್ರು. ಯಾವ್ ಅನುಕೂಲ ಮೇಡಂ ಅಂತ ಕೇಳ್ದೆ. ಹುಡುಗೀನೇ ಒಪ್ಕೊಂಡಿದಾಳೆ, ಅಪ್ಪನಿಗೆ ಜಮೀನಿದೆ ಅಂತ ಗೊತ್ತಾಗಿದೆ ಅಂದ್ರು. ಇಟ್ಬಿಟ್ರು."

ಎಲ್ಲರೂ ರಂಜಿಯ ಕಡೆ ನೋಡಿದರು. ರಂಜಿ ತಟ್ಟೆ ನೋಡುತ್ತಿದ್ದಳು.

"ಏನೇ? ಜಮೀನು ಇದ್ಯಾ ನಿಮಪ್ಪಂಗೆ? ಏನಂತ ಒಪ್ಕೊಂಡೆ?"

ರಂಜಿ ತಟ್ಟೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಕೇಳ್ತಿರೋದು ನಿನ್ನೇ!"

"ಬಿಡೇ, ಊಟದ ಹೊತ್ತಲ್ಲಿ," ಎಂದಳು ನಾರಾಯಣಮ್ಮ.

"ನಾನು ಮಿನಿಸ್ಟ್ರ ಹತ್ರ ಮಾತಾಡ್ತೀನಿ," ಎಂದೆ. "ನಾಳೇನೇ. ನನ್ನ ಕಂಡ್ರೆ ಎದ್ದು ನಿಂತ್ಕೊಳ್ಳೋ ಮನುಷ್ಯ."

ಯಾರೂ ತಲೆ ಎತ್ತಲಿಲ್ಲ. ನಾಲ್ಕನೆಯ ತಟ್ಟೆಗೂ ಮುದ್ದೆ ಬಿತ್ತು. ಐದನೆಯದಕ್ಕೂ ಬಿತ್ತು. ಎಲ್ಲರೂ ಉಂಡೆವು. ನಾನೂ ಉಂಡೆ. ಸಾರಿಗೆ ಉಪ್ಪು ಹಾಕಿರಲಿಲ್ಲ. ಅದನ್ನು ಯಾರೂ ಹೇಳಲಿಲ್ಲ.

ಆಮೇಲಿನ ದಿನಗಳನ್ನು ದೊಡ್ಡದು ಮಾಡಿ ಹೇಳಲು ನನಗೂ ಬರುವುದಿಲ್ಲ. ಹೇಮಶ್ರೀ ಬೈಯುವುದನ್ನು ನಿಲ್ಲಿಸಿದಳು. ಬಾತ್‌ರೂಮಿನಲ್ಲಿ ನಾನು ಪೂರ್ತಿ ಪೇಪರು ಓದಿ, ಜಾಹೀರಾತು ಓದಿ ಹೊರಗೆ ಬಂದರೂ ಬಾಗಿಲು ಬಡಿಯುವವರಿರಲಿಲ್ಲ. ಸಂಜೆ ಬಂದು ಬ್ಯಾಗು ಇಳಿಸಿ, ಮುಖ ತೊಳೆದು, ಫ್ಯಾನಿನ ಕೆಳಗೆ ಕೂರುತ್ತಿದ್ದಳು. ರಂಜಿ ಕಸ ಗುಡಿಸಿದಳು, ಪಾತ್ರೆ ತೊಳೆದಳು, ಶಾಲೆಯ ಪುಸ್ತಕಗಳನ್ನು ಜೋಡಿಸಿ ಟ್ರಂಕಿನಲ್ಲಿಟ್ಟಳು. ಅಳಲಿಲ್ಲ. ಅತ್ತಿದ್ದರೆ ನಾನು ಏನಾದರೂ ಹೇಳಿ ನಗಿಸುತ್ತಿದ್ದೆ.

"ಆ ಸ್ಕೂಲಿನ ಫೀಸು ವಿಚಾರಿಸ್ದೆ," ಎಂದ ನಂದೀಶ್ ಒಂದು ಸಂಜೆ. ಎಷ್ಟು ಎಂದು ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ. ಟೂಲ್ ಬ್ಯಾಗು ಮೂಲೆಗಿಟ್ಟು, "ಇಲ್ಲೇ ಗೌರ್ಮೆಂಟ್ ಸ್ಕೂಲಿಗೆ ಹಾಕೋಣ್ವಾ?" ಎಂದ.

"ಹಾಕೋಣ," ಎಂದಳು ಹೇಮಶ್ರೀ. "ಆದ್ರೆ ಜಮೀನಿದ್ದೂ ಕೂಲಿ ಅಂತ ನನ್ನ ಕೈಲೇ ಹೇಳ್ಸಿದ್ರಾ ಇವ್ರು? ಪರೀಕ್ಷೆ ವಿಷ್ಯ ಹುಡುಕಿದ್ದು ನಾನು, ಆ ಮೇಡಂ ಮುಂದೆ ಕೈಕಟ್ಟಿ ನಿಂತಿದ್ದು ನಾನು. ಅವ್ರ ಕಣ್ಣಲ್ಲಿ ಸುಳ್ಳಿ ಆದೋಳೂ ನಾನೇ. ಲಕ್ಷ್ಮಯ್ಯಣ್ಣ ಬರ್ಲಿ. ಅವ್ರ ಬಾಯಿಂದಾನೇ ಕೇಳ್ಬೇಕು."

ಇನ್ನೊಂದು ದಿನ ನಾರಾಯಣಮ್ಮ ತರಗುಪೇಟೆಯಿಂದ ತಂದ ತೊಗರಿಬೇಳೆಯನ್ನು ಮೊರಕ್ಕೆ ಸುರಿದು, ನನ್ನನ್ನೂ ರಂಜಿಯನ್ನೂ ಕಲ್ಲು ಆರಿಸಲು ಕೂರಿಸಿದ್ದಳು. ಮಧ್ಯಾಹ್ನ. ಅವಳು ಒಳಗೆ ಮಲಗಿದ್ದಳು.

"ರಂಜಿ," ಎಂದೆ. "ಅವತ್ತು ನೀನ್ಯಾಕೆ ಹೌದು ಅಂದೆ?"

ಅವಳು ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟಳು. "ನೀವು ಹೇಳಿದ್ರಲ್ಲ ತಾತ."

"ಇಲ್ಲ ಅನ್ಬೋದಿತ್ತು."

"ಅಷ್ಟೊಂದ್ ಜನ ಇದ್ರು. ಇಲ್ಲ ಅಂದಿದ್ರೆ ನಿಮಗೆ ಅವಮಾನ ಆಗ್ತಿರಲಿಲ್ವಾ?"

ನಾನು ಬೇಳೆ ಆರಿಸಿದೆ.

"ಹೇಮತ್ತೆಗೆ ಹೇಳಲ್ಲ ತಾತ," ಎಂದಳು. "ಹೇಳ್ಬೇಡಿ. ಜಗಳ ಆಗತ್ತೆ. ನಾನು ಊರಿಗೆ ಹೋಗ್ತೀನಿ. ಅಮ್ಮನ ಜೊತೆ ತೋಟಕ್ಕೆ ಹೋದ್ರೆ ಆಯ್ತು."

ಎದ್ದು ಹೋಗಿ ಸೊಸೆಗೆ ಹೇಳುವವನಿದ್ದೆ. ಅವಳು ಸಂಜೆ ಬರಲಿ ಎಂದುಕೊಂಡೆ. ಸಂಜೆ ಬಂದಳು. ಊಟವಾಗಲಿ ಎಂದುಕೊಂಡೆ. ಊಟವೂ ಆಯಿತು. ಹೀಗೆ ಮೇ ತಿಂಗಳು ಮುಗಿಯುತ್ತಾ ಬಂತು. ನಡುವೆ ಒಂದು ದಿನ ಓಬಳಪ್ಪ, "ಏನಂದ್ರು ಟ್ರಸ್ಟಿನೋರು?" ಎಂದದ್ದಕ್ಕೆ, "ಫಾರಿನ್ನಿಗೇ ಕಳಿಸ್ತೀವಿ ಅಂದ್ರು, ನಾನೇ ಬೇಡ ಅಂದೆ," ಎಂದುಬಿಟ್ಟೆ. ಬಾಯಿ ತಾನಾಗಿಯೇ ಆಡಿತು. ನನಗೆ ಖುಷಿಯೂ ಆಗಲಿಲ್ಲ.

ಲಕ್ಷ್ಮಯ್ಯ ಬಂದದ್ದು ಒಂದು ಶನಿವಾರ ಬೆಳಗ್ಗೆ, ಮಗಳನ್ನು ಕರೆದುಕೊಂಡು ಹೋಗಲು. ತೆಳ್ಳಗಿನ ಮನುಷ್ಯ. ಔಷಧಿ ಹೊಡೆದು ಹೊಡೆದು ಅವನ ಅಂಗಿಗೆ ಎಷ್ಟು ಒಗೆದರೂ ಹೋಗದ ಒಂದು ವಾಸನೆ. ಕೈಚೀಲದಲ್ಲಿ ನಮಗೆಂದು ಹುಣಸೆಹಣ್ಣು ತಂದಿದ್ದ. ಕುರ್ಚಿಯಿದ್ದರೂ ನೆಲಕ್ಕೆ ಕೂತ. ಎಲ್ಲರೂ ಮನೆಯಲ್ಲಿದ್ದರು. ನಾರಾಯಣಮ್ಮ ಉಪ್ಪಿಟ್ಟು ತಂದಿಟ್ಟಳು.

"ಲಕ್ಷ್ಮಯ್ಯಣ್ಣ, ತಿನ್ನೋಕ್ ಮುಂಚೆ ಒಂದ್ ಮಾತು," ಎಂದಳು ಹೇಮಶ್ರೀ. "ನಿಮ್ಮ ಹೆಸರಲ್ಲಿ ಜಮೀನು ಎಷ್ಟಿದೆ?"

"ನಂದಾ?" ಅವನು ನಕ್ಕ. "ಮನೆ ಹಿಂದೆ ಕರಿಬೇವಿನ ಗಿಡ ಐತಲ್ಲಮ್ಮ, ಅಷ್ಟು."

"ತಮಾಷೆ ಬೇಡ. ಜಮೀನಿದೆ ಅಂತ ಅವ್ರಿಗೆ ಗೊತ್ತಾಗಿದೆ. ನಿಮ್ಮ ಮಗಳೇ ಒಪ್ಕೊಂಡಿದಾಳೆ. ಅದ್ಕೇ ಸೀಟು ಹೋಗಿದ್ದು."

"ಜಮೀನಿದ್ರೆ ನಾನ್ಯಾಕಮ್ಮ ಕಂಡೋರ ತೋಟದಾಗೆ ಸಾಯ್ಲಿ? ನನ್ ಮಗಳಾಣೆ. ಅಂಬೇಡ್ಕರ್ ಫೋಟೋ ಮುಟ್ಟು ಅಂದ್ರೆ ಮುಟ್ತೀನಿ." ಅವನು ರಂಜಿಯ ಕಡೆ ತಿರುಗಿದ. "ಏನಂದೆ ಮಗಾ ನೀನು? ಯಾಕಂದೆ?"

ರಂಜಿ ಟ್ರಂಕಿನ ಪಕ್ಕ ನಿಂತಿದ್ದಳು. ತುಟಿ ಬಿಗಿ ಹಿಡಿದಿದ್ದಳು.

"ಮಾತಾಡೇ!" ಎಂದು ಲಕ್ಷ್ಮಯ್ಯ ಕೈ ಎತ್ತಿದ. ಅವನು ಆ ಮಗುವಿನ ಮೇಲೆ ಕೈ ಎತ್ತಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಹೊಡೆಯಲಿಲ್ಲ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಆಗ ಬಾಗಿಲಲ್ಲಿ ಓಬಳಪ್ಪನ ದನಿ.

"ಗುರು, ನಿಮ್ಮ ಲಕ್ಷ್ಮಯ್ಯ ಬಂದ್ರಂತಲ್ಲ? ಓ, ಇವ್ರೇನಾ? ನಮಸ್ಕಾರ ಸ್ವಾಮಿ. ಮಗಳ ಸೀಮಂತ ಇಟ್ಕೊಂಡಿದೀನಿ. ಎರಡು ಕ್ರೇಟು ದ್ರಾಕ್ಷಿ ಕಳಿಸ್ಬೇಕು ನೋಡಿ. ಅಂಗಡಿ ದ್ರಾಕ್ಷಿ ಬೇಡ, ನಿಮ್ಮ ತೋಟದ್ದೇ ಬೇಕು."

"ನಮ್ಮ ತೋಟದ್ದಾ?" ಎಂದ ಲಕ್ಷ್ಮಯ್ಯ. ಎತ್ತಿದ ಕೈ ಇನ್ನೂ ಇಳಿದಿರಲಿಲ್ಲ.

"ಹೂಂ, ಆ ಹತ್ತೆಕರೆದು. ಶ್ರೀನಿವಾಸಯ್ಯ ಟ್ರಸ್ಟಿನೋರ ಮುಂದೆ ಹೇಳ್ತಿದ್ದಾಗ ನಾನೂ ಇದ್ನಲ್ಲ. ನನ್ನ ಸಿಂಹಾಸನದ ಮೇಲೇ ಕೂರಿಸಿ ದ್ರಾಕ್ಷಿ ತಿನ್ಸಿದ್ದು. ಎಂಥ ದ್ರಾಕ್ಷಿ ಸ್ವಾಮಿ! ಏನ್ ತೋಟ ನಿಮ್ದು!"

ಒಗ್ಗರಣೆಯ ವಾಸನೆ ಇತ್ತು. ಓಬಳಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿ, "ನಾನು ಆಮೇಲ್ ಬರ್ತೀನಿ," ಎಂದು ಹೋದ.

"ಸಿಂಹಾಸನ," ಎಂದಳು ಹೇಮಶ್ರೀ.

ನಾರಾಯಣಮ್ಮ ಸೆರಗಿನಿಂದ ಕೈ ಒರೆಸಿದಳು. ಬಹಳ ಹೊತ್ತು ಒರೆಸಿದಳು. "ಕುರ್ಚಿ ತಂದಿದ್ದು ಗೊತ್ತು ಕಣಮ್ಮ. ತೋಟದ್ದು ಗೊತ್ತಿಲ್ಲ. ಮಿಕ್ಸಿ ಹಾಕಿದ್ದೆ."

"ಅಪ್ಪ," ಎಂದ ನಂದೀಶ್.

ಆಗ ನಾನು ಹೇಳಬಹುದಾಗಿದ್ದ ಮಾತು ನೂರಿದ್ದವು. ಓಬಳಪ್ಪ ಕುಡಿದಿದ್ದಾನೆ ಅನ್ನಬಹುದಿತ್ತು.

"ನಾನೇ ಹೇಳಿದ್ದು," ಎಂದೆ. "ಕೂಲಿ ಅಂದ್ರು. ಎಲ್ರ ಮುಂದೆ ಅಂದ್ರು. ತಡ್ಕೊಳ್ಳೋಕಾಗ್ಲಿಲ್ಲ."

"ಕೂಲಿ ಮಾಡ್ತಿರೋನು ನಾನು ಮಾವ," ಎಂದ ಲಕ್ಷ್ಮಯ್ಯ. ಸಿಟ್ಟಿನಿಂದಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ದನಿಯಲ್ಲಿ. "ನಂಗೇ ನಾಚ್ಕೆ ಇಲ್ಲ. ನಿಮಗ್ಯಾಕೆ?"

ಹೇಮಶ್ರೀ ರಂಜಿಯ ಹತ್ತಿರ ಹೋಗಿ ನಿಂತಳು. "ನಿಂಗೆ ಗೊತ್ತಿತ್ತಲ್ಲ? ಒಂದು ತಿಂಗಳಿಂದ ಬಾಯಿ ಮುಚ್ಕೊಂಡಿದ್ದೆಯಲ್ಲೇ." ಬೈಯುತ್ತಾಳೆಂದುಕೊಂಡೆ. ಬಿಚ್ಚಿದ್ದ ಜಡೆಯ ತುದಿಗೆ ರಬ್ಬರ್ ಬ್ಯಾಂಡು ಹಾಕಿದಳು. ನನ್ನ ಕಡೆ ತಿರುಗದೆಯೇ, "ಮಾವ, ಚಪ್ಪಲಿ ಹಾಕ್ಕೊಳ್ಳಿ," ಎಂದಳು.

ಟ್ರಸ್ಟಿನ ಕಚೇರಿ ಶಂಕರಪುರದಲ್ಲಿ. ನಡೆದೇ ಹೋದೆವು. ಮುಂದೆ ಹೇಮಶ್ರೀ ಮತ್ತು ರಂಜಿ, ಹಿಂದೆ ಲಕ್ಷ್ಮಯ್ಯ, ಅವನ ಹಿಂದೆ ನಾನು. ಬಿಸಿಲಿತ್ತು. ಎಂಥ ಬಿಸಿಲು ಎಂದು ಹೇಳಲು ನನಗೇನೂ ಹೊಳೆಯುತ್ತಿಲ್ಲ. ಬಿಸಿಲಿತ್ತು, ಅಷ್ಟೇ.

ಹಳೆಯ ಮನೆಯೊಂದರ ಮುಂದಿನ ಕೋಣೆ ಅದು. ಶೈಲಜಮ್ಮ ಮೇಜಿನ ಹಿಂದೆ ಇದ್ದರು. ನನ್ನನ್ನು ಗುರುತಿಸಿದರು. "ಕೂತ್ಕೊಳ್ಳಿ," ಎಂದರು. ಎದುರಿಗೆ ಕಬ್ಬಿಣದ ಕುರ್ಚಿಗಳಿದ್ದವು. ಉಳಿದವರು ಕೂತರು. ನಾನು ನಿಂತೆ.

"ಮೇಡಂ, ಇವ್ರು ಲಕ್ಷ್ಮಯ್ಯ," ಎಂದೆ. "ಹುಡುಗಿ ತಂದೆ. ಇವ್ರಿಗೆ ತೋಟ ಇಲ್ಲ. ಆ ತೋಟದಲ್ಲಿ ಕೂಲಿ ಮಾಡ್ತಾರೆ. ಅವತ್ತು ನಾನು ಹೇಳಿದ್ದು ಸುಳ್ಳು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕುರ್ಚಿ?"

"ಬಾಡಿಗೆ ಕುರ್ಚಿ."

"ಮಹಡಿ ರೂಮು?"

"ಮಾಲೀಕರದು. ಹುಡುಗಿ ಹಾಲಲ್ಲಿ ನಮ್ಮ ಜೊತೆ ಚಾಪೆ ಮೇಲೆ ಮಲಗ್ತಾಳೆ."

"ನ್ಯಾಯವಾಗಿ ಹೇಳಿ. ಅವತ್ತು ಹೇಳಿದ್ದು ಸುಳ್ಳು, ಇವತ್ತಿಂದು ನಿಜ ಅಂತ ನಾನು ಹೇಗೆ ನಂಬ್ಲಿ?"

ಲಕ್ಷ್ಮಯ್ಯ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬಿಡಿಸಿಟ್ಟ. ಅವರು ನೋಡಿದರು. ಬಹಳ ಹೊತ್ತು ನೋಡಲಿಲ್ಲ, ನೋಡಿ ತಲೆ ತಗ್ಗಿಸಿದರು.

"ಸೀಟು ಬೇರೆ ಹುಡುಗಿಗೆ ಹೋಗಿದೆ," ಎಂದರು. "ಪಾವಗಡದ ಕಡೆಯೋಳು. ಅವಳಿಂದ ಕಿತ್ಕೊಳ್ಳೋಕಾಗಲ್ಲ. ನಿಮ್ಮ ಊರಿಗೆ ನಮ್ಮೋರನ್ನ ಕಳಿಸ್ತೀನಿ, ನೋಡ್ಕೊಂಡು ಬರ್ಲಿ. ಮುಂದಿನ ವರ್ಷ ಖಾಲಿಯಾದ್ರೆ ಯೋಚನೆ ಮಾಡೋಣ. ಆಗತ್ತೆ ಅಂತ ಹೇಳ್ತಿಲ್ಲ."

"ಈ ವರ್ಷ?" ಎಂದಳು ಹೇಮಶ್ರೀ.

ಶೈಲಜಮ್ಮ ಇಲ್ಲವೆಂದು ತಲೆಯಲ್ಲಾಡಿಸಿದರು.

"ಹಂಗಿದ್ರೆ ಈ ವರ್ಷ ನಮ್ಮ ಪೇಟೆ ಸರ್ಕಾರಿ ಶಾಲೆಗೆ ಹಾಕ್ತೀನಿ. ಊರಿಗೆ ಕಳ್ಸಲ್ಲ. ಇಂಗ್ಲಿಷ್ ನಾನು ನೋಡ್ಕೊತೀನಿ. ಬರೋ ವರ್ಷ ನಿಮ್ಮ ಪರೀಕ್ಷೆ ಮತ್ತೆ ಬರೀತಾಳೆ," ಎಂದು ಹೇಮಶ್ರೀ ಎದ್ದಳು. ಲಕ್ಷ್ಮಯ್ಯ ಬೇಡ ಎನ್ನಲಿಲ್ಲ. ರಂಜಿ ಹೇಮಶ್ರೀಯ ಹಿಂದೆಯೇ ಎದ್ದಳು. ಅವಳ ಮುಖದಲ್ಲಿ ಏನಿತ್ತೋ ನನಗೆ ಕಾಣಲಿಲ್ಲ.

ಬಾಗಿಲ ಹತ್ತಿರ ಹೋಗುವಾಗ ಶೈಲಜಮ್ಮ ಹಿಂದಿನಿಂದ ಕೇಳಿದರು. ಸಿಟ್ಟಿರಲಿಲ್ಲ, ಕೇಳಬೇಕೆನ್ನಿಸಿ ಕೇಳಿದ್ದು.

"ಶ್ರೀನಿವಾಸಯ್ಯನವರೇ, ಆ ಮೈಸೂರಿನ ತನಕ ಇದ್ದ ಮಕ್ಕಳ ಸಾಲು? ಅದರಲ್ಲಾದ್ರೂ ಎಷ್ಟು ನಿಜ?"

ಎಲ್ಲರೂ ನಿಂತರು.

"ನಾನು ಆಫೀಸಲ್ಲಿ ಅಟೆಂಡರ್ ಆಗಿದ್ದೆ ಮೇಡಂ," ಎಂದೆ. "ಸಾಹೇಬರ ಬಾಗಿಲು ತೆಗೆಯೋದು, ಬಂದೋರಿಗೆ ಕುರ್ಚಿ ಹಾಕೋದು ನನ್ನ ಕೆಲಸ. ಯಾರನ್ನೂ ಓದಿಸಿಲ್ಲ. ಸಾಲಲ್ಲಿ ಇದ್ದಿದ್ದು ಒಂದೇ ಮಗು. ನಿಲ್ಲಿಸಿದೋಳು ನನ್ನ ಸೊಸೆ. ಆಚೆಗೆ ಎಳೆದೋನು ನಾನು."